200 ವ್ಯಾಟ್ ಎಂದು ಬರೆದ ಸೋಲಾರ್ ದೀಪದ ಮೇಲೆ ಒಂದು ಎ4 ಹಾಳೆ ಇಟ್ಟು ನೋಡಿ

ಅಂಗಳಕ್ಕೆ, ಗೇಟಿಗೆ ಅಂತ ಮಾರುವ ಅಗ್ಗದ ಸೋಲಾರ್ ದೀಪಗಳ ಡಬ್ಬಿ ಮೇಲೆ 100 ವ್ಯಾಟ್, 200 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ನಂಬುವ ಮೊದಲು ಅದರ ಪ್ಯಾನೆಲ್ ಮೇಲೆ ಒಂದು ಎ4 ಹಾಳೆ ಇಡಿ. ಒಳ್ಳೆಯ ಮೋನೋ (ಏಕಸ್ಫಟಿಕ ಸಿಲಿಕಾನಿನ) ಪ್ಯಾನೆಲ್ ನೆತ್ತಿ ಸುಡುವ ಬಿಸಿಲಲ್ಲಿ ಚದರ ಮೀಟರಿಗೆ ಸುಮಾರು 200 ವ್ಯಾಟ್ ಕೊಡುತ್ತದೆ. ಪ್ಯಾನೆಲ್ ಎ4 ಹಾಳೆಯಷ್ಟೇ ಇದ್ದರೆ 12–13 ವ್ಯಾಟ್, ಅಷ್ಟೇ. ದಿನಕ್ಕೆ 5 ಗಂಟೆ ಪೂರ್ತಿ ಬಿಸಿಲು ಬಿತ್ತು ಅಂದುಕೊಂಡರೂ 60 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ ಲೆಕ್ಕ). ಧೂಳು, ಕಾವು, ಬ್ಯಾಟರಿಗೆ ತುಂಬುವ–ತೆಗೆಯುವ ನಷ್ಟ ಎಲ್ಲ ಕಳೆದರೆ ಕೈಗೆ ಸಿಗುವುದು 40. ಸಂಜೆ ಆರೂವರೆಯಿಂದ ಬೆಳಗ್ಗೆ ಆರರ ತನಕ ಅದನ್ನು ಹಂಚಿ ನೋಡಿ: ಮೂರೂವರೆ ವ್ಯಾಟಿನ ದೀಪ. ಉಳಿದ 196 ವ್ಯಾಟ್ ಇರುವುದು ಡಬ್ಬಿಯ ಮೇಲೆ ಮಾತ್ರ.

ತಮಾಷೆ ಏನೆಂದರೆ, ಮನೆ ಮುಂದಿನ ಕಾಲುದಾರಿಗೆ ನಾಲ್ಕೈದು ವ್ಯಾಟ್ ಧಾರಾಳ ಸಾಕು. ಒಂದು ವ್ಯಾಟ್ ಎಲ್‌ಇಡಿ 80ರಿಂದ 100 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಕೊಡುತ್ತದೆ. ಅದನ್ನು ಮೊಣಕಾಲೆತ್ತರದಲ್ಲಿ, ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮೇಲೊಂದು ಮುಚ್ಚಳ ಕೊಟ್ಟು, ಮೂರು ಮೀಟರಿಗೊಂದರಂತೆ ನೆಟ್ಟರೆ ದಾರಿಯಲ್ಲಿ ಹಾವು ಮಲಗಿದ್ದರೂ ಕಾಣುತ್ತದೆ. ಹತ್ತಡಿ ಕಂಬದ ಮೇಲಿಂದ ಕಣ್ಣಿಗೆ ಹೊಡೆಯುವ ಬಿಳಿ ದೀಪದಲ್ಲಿ ಮೆಟ್ಟಿಲ ಅಂಚೇ ಕಾಣದು, ಕಣ್ಣು ಕೋರೈಸಿ ನೆರಳು ಇನ್ನಷ್ಟು ಕಪ್ಪಾಗುತ್ತದೆ. ಮೆಟ್ಟಿಲಿರುವ ಕಡೆ ದೀಪವನ್ನು ಮೆಟ್ಟಿಲ ಪಕ್ಕಕ್ಕೇ ತನ್ನಿ.

ಪ್ಯಾನೆಲ್, ಬ್ಯಾಟರಿ, ದೀಪ ಎಲ್ಲ ಒಂದೇ ಡಬ್ಬಿಯಲ್ಲಿರುವುದು ನನಗೆ ಒಪ್ಪಿಗೆಯಿಲ್ಲ. ದೀಪ ಬೇಕಾದದ್ದು ಮರದ ನೆರಳಿನ ದಾರಿಯಲ್ಲಿ, ಪ್ಯಾನೆಲ್ ಇರಬೇಕಾದದ್ದು ಬಿಸಿಲಲ್ಲಿ. ಎರಡೂ ಒಂದೇ ಕಡೆ ಹೇಗೆ ಇರಲು ಸಾಧ್ಯ? ಮೇಲಾಗಿ ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಪ್ಯಾನೆಲ್ಲಿನ ಬೆನ್ನಿಗೇ ಅಂಟಿಕೊಂಡ ಲಿಥಿಯಂ ಬ್ಯಾಟರಿ ಬೆಂದು ಬೇಗ ಸಾಯುತ್ತದೆ. ಬೇರೆ ಬೇರೆ ಇಡಿ: ಪ್ಯಾನೆಲ್ ತಾರಸಿಯಲ್ಲಿ, ಬ್ಯಾಟರಿ ಜಗಲಿಯೊಳಗೆ, ದಾರಿಗೆ 12 ವೋಲ್ಟಿನ ತಂತಿ.

15 ಮೀಟರ್ ದಾರಿಗೆ ಲೆಕ್ಕ ಹೀಗೆ. ಒಂದೊಂದು ವ್ಯಾಟಿನ ಐದು 12 ವೋಲ್ಟ್ ದೀಪ, 11 ಗಂಟೆ. ಬ್ಯಾಟರಿ ತುಂಬುವುದನ್ನೂ ದೀಪ ಹೊತ್ತಿಸುವುದನ್ನೂ ನೋಡಿಕೊಳ್ಳುವ ಕಂಟ್ರೋಲರ್ ತಿನ್ನುವುದೂ ಸೇರಿ ರಾತ್ರಿಗೆ 60 ವ್ಯಾಟ್-ಅವರ್. ಎರಡು ರಾತ್ರಿ ಮೋಡ ಕವಿದರೂ ನಡೆಯಬೇಕೆಂದರೆ 120. 12.8 ವೋಲ್ಟ್, 12 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 153 ಇರುತ್ತದೆ, ಅದರ ಶೇ. 80 ಬಳಸಿದರೆ ಲೆಕ್ಕ ಕೂಡುತ್ತದೆ. ಬಯಲುಸೀಮೆಗೆ 20 ವ್ಯಾಟಿನ ಪ್ಯಾನೆಲ್ ಸಾಕು, ಮಲೆನಾಡು–ಕರಾವಳಿಗೆ 40 ಹಾಕಿ. ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆ ಕೊಡಿ. ತೀರ ಚಪ್ಪಟೆ ಮಲಗಿಸಿದರೆ ಮಳೆನೀರು ಧೂಳನ್ನು ತೊಳೆಯದೆ ಕೆಳಗಿನ ಅಂಚಿನಲ್ಲಿ ಕೆಸರು ಕಟ್ಟುತ್ತದೆ. ಒಳಗಿನ ಸೆಲ್ಲುಗಳೆಲ್ಲ ಸರಪಳಿಯಂತೆ ಜೋಡಿಸಿರುವುದರಿಂದ ಒಂದು ತೆಂಗಿನ ಗರಿಯ ನೆರಳು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲ್ ಸೊರಗುತ್ತದೆ.

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ದೀಪ, ಬಿಚ್ಚುವಾಗ ಉಲ್ಟಾ. ‘12 ವೋಲ್ಟ್’ ಪ್ಯಾನೆಲ್ ಬಿಸಿಲಲ್ಲಿ ಹೊರೆಯಿಲ್ಲದೆ 21–22 ವೋಲ್ಟ್ ಕೊಡುತ್ತದೆ, ಬ್ಯಾಟರಿ ಇಲ್ಲದೆ ಅದನ್ನೇ ಮೊದಲು ಚುಚ್ಚಿ ಕಂಟ್ರೋಲರ್ ಸುಟ್ಟುಕೊಳ್ಳುವವರಿದ್ದಾರೆ. ಕಂಟ್ರೋಲರಿನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯೇ ನೋಡಿ ಕೊಳ್ಳಿ. ಬ್ಯಾಟರಿಯ ಪಾಸಿಟಿವ್ ತಂತಿಗೆ 5 ಆಂಪಿಯರ್ ಫ್ಯೂಸ್ ಬೇಕೇ ಬೇಕು. ದಾರಿಯ ತಂತಿ 1.5 ಚದರ ಮಿಲಿಮೀಟರ್ ಇರಲಿ. ಅರ್ಧ ಆಂಪಿಯರಿಗೂ ಕಡಿಮೆ ಕರೆಂಟಿಗೆ ಅಷ್ಟು ದಪ್ಪ ಅಗತ್ಯವಿಲ್ಲ ನಿಜ, ಆದರೆ ಹೆಗ್ಗಣಕ್ಕೂ ಗುದ್ದಲಿಗೂ ಓಮ್‌ನ ನಿಯಮ ಗೊತ್ತಿಲ್ಲ. ಪೈಪಿನೊಳಗೆ ಹಾಕಿ ಒಂದಡಿ ಆಳಕ್ಕೆ ಹೂಳಿ. ದೀಪದೊಳಗೆ ಹೋಗುವ ಮೊದಲು ತಂತಿ ಒಮ್ಮೆ ಕೆಳಗೆ ಬಾಗಿ ಮೇಲೇರಬೇಕು, ಇಲ್ಲದಿದ್ದರೆ ನೀರು ಅದನ್ನೇ ಹಿಡಿದು ಒಳಗಿಳಿಯುತ್ತದೆ. ಸಮುದ್ರದ ಹತ್ತಿರ ಕಬ್ಬಿಣದ ತಿರುಪು ಬೇಡ, ಸ್ಟೇನ್‌ಲೆಸ್ ಸ್ಟೀಲಿನದೇ ಹಾಕಿ.

ಇನ್ನು ಹೂಕುಂಡದ ಪಕ್ಕ ಚುಚ್ಚುವ ಕಡ್ಡಿದೀಪಗಳು. ಅವು ಅಲಂಕಾರಕ್ಕೆ, ನಡೆಯಲು ಅಲ್ಲ. ಆದರೆ ಕೆಟ್ಟಿತು ಅಂತ ಎಸೆಯಬೇಡಿ. ಪ್ಯಾನೆಲ್ಲನ್ನು ಬಟ್ಟೆಯಿಂದ ಮುಚ್ಚಿ. ಹೊತ್ತಿದರೆ ದೀಪ ಸರಿಯಿದೆ, ಪಕ್ಕದ ಬೀದಿದೀಪ ನೋಡಿ ಅದು ಹಗಲೆಂದು ಭಾವಿಸಿದೆ. ಹೊತ್ತದಿದ್ದರೆ ಹೆಚ್ಚಿನ ಸಲ ಕೆಟ್ಟಿರುವುದು ಒಳಗಿನ ಸೆಲ್ಲು, ಇಲ್ಲವೇ ತುಕ್ಕು ಹಿಡಿದ ಸ್ಪ್ರಿಂಗು. ಸ್ಪ್ರಿಂಗನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ. ಇಡೀ ದಿನ ಬಿಸಿಲಲ್ಲಿಟ್ಟ ಮೇಲೂ ಸೆಲ್ಲು 1.2 ವೋಲ್ಟ್ ಮುಟ್ಟದಿದ್ದರೆ ಹೊಸ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಹಾಕಿ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಯಾಗಿಯೇ ಸಿಗುತ್ತದೆ. ಗೋಡೆ ಗಡಿಯಾರದ ಸಾಮಾನ್ಯ ಸೆಲ್ಲು ಹಾಕಿದರೆ ಚಾರ್ಜ್ ಆಗಲು ಹೋಗಿ ಸೋರುತ್ತದೆ. ದೊಡ್ಡ ದೀಪಗಳಲ್ಲಿ 3.2 ಮತ್ತು 3.7 ವೋಲ್ಟಿನ ಸೆಲ್ಲು ನೋಡಲು ಒಂದೇ ಥರ, ಆದರೆ ಅದಲುಬದಲು ಮಾಡುವಂತಿಲ್ಲ: 3.7ರ ಸರ್ಕ್ಯೂಟ್ 4.2 ವೋಲ್ಟ್ ತನಕ ತುಂಬುತ್ತದೆ, 3.2ರ ಸೆಲ್ಲಿನ ಮಿತಿ 3.65.

ಬಣ್ಣದ ವಿಷಯದಲ್ಲಿ ನನ್ನದು ಹಠ. 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅಥವಾ ಅದಕ್ಕೂ ಕಡಿಮೆಯ ಹಳದಿ ಬೆಳಕೇ ಆಗಬೇಕು. ಮೊದಲ ಮಳೆಗೆ ಗೆದ್ದಲು ರೆಕ್ಕೆ ಕಟ್ಟಿಕೊಂಡು ಏಳುವ ಸಂಜೆ, ನೀಲಿ ಛಾಯೆಯ ಬಿಳಿ ದೀಪವಿದ್ದ ಜಗಲಿಯಲ್ಲಿ ಊಟಕ್ಕೆ ಕೂತವರಿಗೆ ಕಾರಣ ವಿವರಿಸಬೇಕಿಲ್ಲ. ಹುಳ ಬಂದರೆ ಕಪ್ಪೆ, ಕಪ್ಪೆಯ ಹಿಂದೆ ಹಾವು.

ಮಲೆನಾಡಿನವರು ಜೂನ್ ಮೊದಲ ವಾರದಲ್ಲಿ ಕಂಟ್ರೋಲರಿನ ಟೈಮರ್ 5 ಗಂಟೆಗೆ ಇಳಿಸಿಬಿಡಿ. ನಡುರಾತ್ರಿಯ ಹೊತ್ತಿಗೆ ಐದೂ ದೀಪ ಆರುತ್ತವೆ, ರಾತ್ರಿಯ ಖರ್ಚು 60ರಿಂದ 30ಕ್ಕಿಂತ ಕೆಳಗೆ ಬರುತ್ತದೆ. ದಿನಕ್ಕೆ ಒಂದೂವರೆ ಗಂಟೆಯಷ್ಟೇ ಬಿಸಿಲಿನ ಸತ್ವ ಸಿಕ್ಕರೂ 40 ವ್ಯಾಟಿನ ಪ್ಯಾನೆಲ್ ಅದನ್ನು ತುಂಬಿಕೊಡುತ್ತದೆ. ಅಕ್ಟೋಬರಿನಲ್ಲಿ ಪ್ಯಾನೆಲ್ ಮೇಲಿನ ಪಾಚಿ ಒರೆಸಿ, ಟೈಮರ್ ಮತ್ತೆ 11ಕ್ಕೆ ಏರಿಸಿ.