ವಿಶ್ವವಿದ್ಯಾಲಯಕ್ಕೆ ಸುರಕ್ಷತೆ ಮತ್ತು ವಿಮೆಯ ಪ್ರತ್ಯೇಕ ಕಚೇರಿ ಬೇಕೇ?

ಪರ
ಬೇಕು: ಕೇಳಿದರೆ ಉತ್ತರ ಕೊಡುವವರೊಬ್ಬರು ಇರಲಿ
(ವಾಣಿಜ್ಯಶಾಸ್ತ್ರ ಅಧ್ಯಾಪಕಿ, ದಾವಣಗೆರೆ)

ತೋಳಹುಣಸೆಯ ಶಿವಗಂಗೋತ್ರಿ ಆವರಣ ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2009ರಲ್ಲಿ ಅದು ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಇಂದು ಎರಡು ಜಿಲ್ಲೆಗಳ ಕಾಲೇಜುಗಳು ಮತ್ತು ಚಿತ್ರದುರ್ಗದ ಸ್ನಾತಕೋತ್ತರ ಕೇಂದ್ರ ಅದರ ವ್ಯಾಪ್ತಿಯಲ್ಲಿವೆ. ಇಷ್ಟು ದೊಡ್ಡ ಸಂಸ್ಥೆ ಎಂದರೆ ಪ್ರಯೋಗಾಲಯ, ಹಾಸ್ಟೆಲ್, ಅಡುಗೆಮನೆಯ ಸಿಲಿಂಡರ್, ಬಸ್, ಲಿಫ್ಟ್, ಟ್ರಾನ್ಸ್‌ಫಾರ್ಮರ್, ಕ್ರೀಡಾಕೂಟ, ಯುವಜನೋತ್ಸವ ಎಲ್ಲವೂ ಸೇರಿದ ಒಂದು ಸಣ್ಣ ಊರು.

ಇಂಥ ಕಡೆ ಅವಘಡವಾದರೆ ಯಾರನ್ನು ಕೇಳಬೇಕು? ಸಾಮಾನ್ಯವಾಗಿ ಹಾಸ್ಟೆಲಿನ ವಿಷಯಕ್ಕೆ ವಾರ್ಡನ್, ತಂತಿ ಜೋತುಬಿದ್ದರೆ ಎಂಜಿನಿಯರಿಂಗ್ ವಿಭಾಗ, ಪ್ರಯೋಗಾಲಯಕ್ಕೆ ಆ ವಿಭಾಗದ ಮುಖ್ಯಸ್ಥರು, ವಿಮೆಯ ಕಂತು ಕಟ್ಟಿದೆಯೇ ಎಂದು ತಿಳಿಯಲು ಹಣಕಾಸು ಅಧಿಕಾರಿ. ಹೊಣೆ ಹೀಗೆ ಹಂಚಿಹೋದಾಗ ಯಾರ ಮೇಲೂ ಉಳಿಯುವುದಿಲ್ಲ. ಪ್ರತ್ಯೇಕ ಕಚೇರಿ ಬೇಕೆನ್ನಲು ಇದೇ ಮುಖ್ಯ ಕಾರಣ.

2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಸ್ಫೋಟ ಸಂಭವಿಸಿ ಒಬ್ಬ ಸಂಶೋಧಕ ಮೃತಪಟ್ಟರು, ಮೂವರು ಗಾಯಗೊಂಡರು. ಚಳ್ಳಕೆರೆ ಬಳಿಯ ಕುದಾಪುರದಲ್ಲೂ ಆವರಣವಿರುವ ಸಂಸ್ಥೆ ಅದು. ದೇಶದ ಮೊದಲ ಸಾಲಿನ ಸಂಸ್ಥೆಯಲ್ಲೇ ಹೀಗಾಗಬಹುದಾದರೆ ಜಿಲ್ಲಾ ಕೇಂದ್ರದ ಪ್ರಯೋಗಾಲಯಗಳನ್ನು ವರ್ಷಕ್ಕೊಮ್ಮೆಯಾದರೂ ಯಾರಾದರೂ ನೋಡಬೇಕಲ್ಲವೇ? 2014ರ ಜೂನ್ 8ರಂದು ಹೈದರಾಬಾದಿನ ಕಾಲೇಜೊಂದರ 24 ವಿದ್ಯಾರ್ಥಿಗಳು ಹಿಮಾಚಲದ ಬಿಯಾಸ್ ನದಿಯಲ್ಲಿ ಕೊಚ್ಚಿಹೋದರು. ಅಣೆಕಟ್ಟಿನಿಂದ ಒಮ್ಮೆಲೇ ನೀರು ಬಿಟ್ಟಿದ್ದರು. ಆದರೂ ಅಲ್ಲಿನ ಹೈಕೋರ್ಟ್ ಪರಿಹಾರದ ಒಂದು ಪಾಲನ್ನು ಕಾಲೇಜಿನ ಮೇಲೂ ಹೊರಿಸಿತು. ಮರುವರ್ಷ, ಅಂದರೆ 2015ರಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗ ವಿದ್ಯಾರ್ಥಿಗಳ ಸುರಕ್ಷತೆಗೆ ಮಾರ್ಗಸೂಚಿಯನ್ನೇ ಹೊರಡಿಸಿತು. ಮಾರ್ಗಸೂಚಿ ಇದೆ. ಅದನ್ನು ಜಾರಿಮಾಡುವ ಕೈ ಬೇಕು.

ವಿಮೆಯ ಬಗ್ಗೆ ನಾನು ತರಗತಿಯಲ್ಲಿ ಹೇಳುವ ಒಂದು ಲೆಕ್ಕವಿದೆ. 10 ಕೋಟಿ ಬೆಲೆಯ ಕಟ್ಟಡಕ್ಕೆ ಕಂತು ಉಳಿಸಲೆಂದು 5 ಕೋಟಿಗಷ್ಟೇ ಬೆಂಕಿ ವಿಮೆ ಮಾಡಿಸಿದ್ದಾರೆ ಎನ್ನೋಣ. 1 ಕೋಟಿಯ ನಷ್ಟವಾಯಿತು. ಬರುವುದು ಇಡೀ ಕೋಟಿಯಲ್ಲ, ಸುಮಾರು 50 ಲಕ್ಷ. ಆಸ್ತಿಯ ಅರ್ಧ ಬೆಲೆಗೆ ವಿಮೆ ಮಾಡಿಸಿದವರಿಗೆ ನಷ್ಟದ ಅರ್ಧವೇ ಸಿಗುತ್ತದೆ. ಹಳೆಯ ದರದಲ್ಲಿ ಮಾಡಿಸಿದ ಪಾಲಿಸಿಯನ್ನು ಕಣ್ಣುಮುಚ್ಚಿ ನವೀಕರಿಸುತ್ತಾ ಹೋಗುವ ಸಂಸ್ಥೆಗಳು ಈ ಗುಂಡಿಗೆ ಬೀಳುತ್ತವೆ. ಅಪಾಯಕಾರಿ ರಾಸಾಯನಿಕಗಳಿಗೆ ಸಂಬಂಧಿಸಿದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ನಮ್ಮ ದಾಸ್ತಾನಿಗೆ ಅನ್ವಯಿಸುತ್ತದೆಯೇ ಎಂದು ಪರಿಶೀಲಿಸಲೂ ತಿಳಿದವರು ಬೇಕು.

ವಿದ್ಯಾರ್ಥಿಗಳ ವಿಮೆ ದುಬಾರಿ ಎಂಬ ಮಾತಿಗೆ ಉತ್ತರ ಸುಲಭ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಆದರೆ ಅದಕ್ಕೆ 18 ತುಂಬಿರಬೇಕು. ಪದವಿಯ ಮೊದಲ ವರ್ಷಕ್ಕೆ ಬರುವವರಲ್ಲಿ 17 ವರ್ಷದವರೂ ಇರುತ್ತಾರೆ. ಆ ಸಂದನ್ನು ತುಂಬುವ ಗುಂಪು ವಿಮೆಯನ್ನು ಮಾಡಿಸಬೇಕಾದುದು ವಿಶ್ವವಿದ್ಯಾಲಯವೇ.

ವಿರೋಧಿಸುವವರು "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಮಗೇನೂ ಆಗಲಿಲ್ಲ" ಎನ್ನುತ್ತಾರೆ. ಅದು ವಾದವಲ್ಲ. ಹಾಗೆಂದು ಹತ್ತು ಹುದ್ದೆಗಳ ಇಲಾಖೆ ಬೇಕೆಂದು ನಾನೂ ಹೇಳಲಾರೆ. ಸಂಬಳಕ್ಕೇ ಪರದಾಡುವ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಅದು ಭಾರ. ಒಬ್ಬ ಅಧಿಕಾರಿ, ಒಬ್ಬ ಸಹಾಯಕ, ಒಂದು ದೂರವಾಣಿ ಸಂಖ್ಯೆ ಇದ್ದರೆ ಕೆಲಸ ಆರಂಭವಾಗುತ್ತದೆ.

ವಿರೋಧ
ಬೇಡ: ಮಕ್ಕಳನ್ನು ಬಂಡೆಯ ಹತ್ತಿರ ಹೋಗಲು ಬಿಡಿ
(ನಿವೃತ್ತ ಭೂವಿಜ್ಞಾನ ಅಧ್ಯಾಪಕ, ಚಿತ್ರದುರ್ಗ)

ಕಚೇರಿ ತೆರೆದರೆ ಸುರಕ್ಷತೆ ಬರುತ್ತದೆ ಎಂಬ ನಂಬಿಕೆ ನನಗಿಲ್ಲ. ಕಚೇರಿ ತೆರೆದರೆ ಅರ್ಜಿ ಬರುತ್ತದೆ, ಅರ್ಜಿಗೆ ಲಗತ್ತು ಬರುತ್ತದೆ, ಲಗತ್ತಿಗೆ ಮೊಹರು ಬರುತ್ತದೆ. ಕೊನೆಗೆ ಹುಡುಗರು ತರಗತಿಯ ಬೆಂಚಿನ ಮೇಲೆಯೇ ಉಳಿಯುತ್ತಾರೆ. ಅಪಾಯ ತಡೆಯುವುದೊಂದೇ ಕೆಲಸವಾಗಿರುವ ಅಧಿಕಾರಿಗೆ ನಮ್ಮ ಹೊರಸಂಚಾರ ಚೆನ್ನಾಗಿ ನಡೆದರೆ ಸಿಗುವುದೇನೂ ಇಲ್ಲ. ಏನಾದರೂ ಆದರೆ ಕಳೆದುಕೊಳ್ಳುವುದು ಬಹಳ. ಎಷ್ಟೇ ಒಳ್ಳೆಯ ಮನುಷ್ಯನನ್ನು ಆ ಕುರ್ಚಿಯಲ್ಲಿ ಕೂರಿಸಿದರೂ ಆತ ಬೇಡವೆಂದೇ ಷರಾ ಬರೆಯುತ್ತಾನೆ. ಆತನ ತಪ್ಪಲ್ಲ, ಆ ಕುರ್ಚಿಯ ಸ್ವಭಾವವೇ ಅದು.

ಚಿತ್ರದುರ್ಗ ಜಿಲ್ಲೆಯಲ್ಲಿ ಭೂವಿಜ್ಞಾನ ಕಲಿಸುವವನ ತರಗತಿ ಬಯಲಿನಲ್ಲಿದೆ. ಮರಡಿಹಳ್ಳಿಯ ಪಿಲ್ಲೋ ಲಾವಾ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ನೀರು ತಾಗಿದೊಡನೆ ಹೊರಮೈ ಗಟ್ಟಿಯಾಗಿ, ಒಳಗಿನ ಬಿಸಿ ಲಾವಾ ಆ ಚಿಪ್ಪನ್ನು ಸೀಳಿಕೊಂಡು ಮತ್ತೊಂದು ಗುಪ್ಪೆಯಾಗಿ ಹೊರಬಂದು, ದಿಂಬುಗಳನ್ನು ಒಟ್ಟಿದಂತೆ ನಿಂತಿದೆ. ಪ್ರತಿ ದಿಂಬಿನ ಬೆನ್ನು ಉಬ್ಬಿರುತ್ತದೆ, ಹೊಟ್ಟೆ ಕೆಳಗಿನ ಎರಡರ ನಡುವಿನ ಸಂದಿಗೆ ಇಳಿದಿರುತ್ತದೆ. ಈ ಒಂದು ಗುರುತಿನಿಂದ ಆ ಶಿಲಾಪದರ ಮೂಲದಲ್ಲಿದ್ದಂತೆಯೇ ಇದೆಯೋ ತಲೆಕೆಳಗಾಗಿದೆಯೋ ಎಂದು ಹೇಳಬಹುದು. ಪುಸ್ತಕದಲ್ಲಿ ಓದಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಬರೆದು ಮರೆಯುತ್ತಾನೆ. ಆ ಸಂದಿಯಲ್ಲಿ ಬೆರಳಿಟ್ಟು ನೋಡಿದವನು ಮರೆಯುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ಉರುಟುಗಲ್ಲುಗಳು ಬೆಸೆದುಕೊಂಡ ಶಿಲೆ ಇದೆ, ಇಂಗಳದಾಳದಲ್ಲಿ ತಾಮ್ರದ ಹಳೆಯ ಗಣಿ ಇದೆ. ಹೊರದೇಶದಿಂದ ವಿಜ್ಞಾನಿಗಳು ನಮ್ಮ ಈ ಶಿಲಾಪಟ್ಟಿಯನ್ನು ನೋಡಲು ಬರುತ್ತಾರೆ. ನಮ್ಮದೇ ಮಕ್ಕಳಿಗೆ ಅನುಮತಿ ಸಿಗದಿದ್ದರೆ ಅದಕ್ಕಿಂತ ನಾಚಿಕೆ ಬೇರೆ ಇಲ್ಲ.

ಅಪಾಯವನ್ನು ನಾನು ಹಗುರವಾಗಿ ನೋಡಿದವನಲ್ಲ. ಸುತ್ತಿಗೆಯ ಏಟಿಗೆ ಸಿಡಿದ ಚಕ್ಕೆಯೊಂದು ಸಾಕು, ಕಣ್ಣು ಹೋಗುತ್ತದೆ. ಆದ್ದರಿಂದ ಕನ್ನಡಕ ಹಾಕದವರ ಕೈಗೆ ಸುತ್ತಿಗೆ ಕೊಡುತ್ತಿರಲಿಲ್ಲ, ಒಬ್ಬರು ಬಡಿಯುವಾಗ ಉಳಿದವರು ದೂರ ಸರಿಯಬೇಕಿತ್ತು. ಕಲ್ಲುಕ್ವಾರಿಯ ಹೊಂಡಕ್ಕೆ ಇಳಿಯುವಂತಿರಲಿಲ್ಲ. ಅಂಚಿನಲ್ಲಿ ನೀರು ಮೊಣಕಾಲುದ್ದ ಕಂಡರೂ ಒಂದು ಹೆಜ್ಜೆ ಆಚೆ ಕಲ್ಲನ್ನು ನೇರವಾಗಿ ಆಳಕ್ಕೆ ಕಡಿದಿರುತ್ತಾರೆ. ಹಳೆಯ ಗಣಿಯ ಸುರಂಗಕ್ಕೆ ತಲೆ ಹಾಕುವಂತಿರಲಿಲ್ಲ, ಒಳಗಿನ ಗಾಳಿ ಉಸಿರಾಡಲು ಯೋಗ್ಯವೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. 48ನೇ ರಾಷ್ಟ್ರೀಯ ಹೆದ್ದಾರಿಗಾಗಿ ಗುಡ್ಡ ಕಡಿದ ಕಡೆ ಶಿಲೆಯ ಪದರಗಳು ಚೆನ್ನಾಗಿ ಕಾಣುತ್ತವೆ. ಆದರೆ ಅಲ್ಲಿ ಲಾರಿಗಳಿಗೆ ಬೆನ್ನು ಹಾಕಿ ನಿಲ್ಲುವಂತಿರಲಿಲ್ಲ. ಬಂಡೆಯ ಚಾಚಿನಡಿ ಹೆಜ್ಜೇನು ಕಟ್ಟಿದ್ದರೆ ಆ ಬಂಡೆಯ ಪಾಠ ಅಂದಿಗೆ ರದ್ದು. ಬಿರುಕಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಬೇಕಿತ್ತು. ಹಾವು ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಕಚ್ಚಿದ ಅಂಗ ಅಲುಗದಂತೆ ಆಸ್ಪತ್ರೆಗೆ ಒಯ್ಯಬೇಕು ಎಂದು ಬಸ್ಸಿನಲ್ಲೇ ಹೇಳಿಸುತ್ತಿದ್ದೆ. ವಿಷನಿರೋಧಕ ಔಷಧ ಯಾವ ಆಸ್ಪತ್ರೆಯಲ್ಲಿದೆ ಎಂದು ಹೊರಡುವ ಮೊದಲೇ ಫೋನ್ ಮಾಡಿ ತಿಳಿದುಕೊಳ್ಳುತ್ತಿದ್ದೆ. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶಿಸಿತು, ಒಳ್ಳೆಯದೇ ಆಯಿತು.

ಇವುಗಳಲ್ಲಿ ಯಾವುದನ್ನು ಕಚೇರಿಯೊಂದು ಮಾಡಿಕೊಡಬಲ್ಲದು? ಇವೆಲ್ಲ ಸ್ಥಳದಲ್ಲಿ ನಿಂತವನು ಮಾಡಬೇಕಾದ ಕೆಲಸಗಳು.

ನಾನು ಪಾಠ ಮಾಡುತ್ತಿದ್ದ ಕಾಲೇಜೊಂದರಲ್ಲಿ ನಡೆದದ್ದನ್ನು ಹೇಳಲೇಬೇಕು. ಅಲ್ಲಿ ಒಂದು ವರ್ಷ ಸುರಕ್ಷತಾ ಸಮಿತಿ ರಚನೆಯಾಯಿತು. ಮರಡಿಹಳ್ಳಿಗೆ ಒಂದು ದಿನದ ಹೊರಸಂಚಾರಕ್ಕೆ ಬರೆದುಕೊಟ್ಟೆ. ಪ್ರತಿ ವಿದ್ಯಾರ್ಥಿಯ ವೈದ್ಯಕೀಯ ಪ್ರಮಾಣಪತ್ರ ಬೇಕು ಎಂದರು, ತರಿಸಿದೆ. ಪೋಷಕರಿಂದ ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬೇಕು ಎಂದರು. ಹಳ್ಳಿಗಳಿಂದ ಬರುವ ಮಕ್ಕಳ ತಂದೆತಾಯಿ ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಬಂದು ಅದನ್ನೂ ಮಾಡಿಸಿಕೊಟ್ಟರು. ಆಮೇಲೆ ಪೊಲೀಸ್ ಠಾಣೆಗೆ ಮಾಹಿತಿ ಪತ್ರ. ಆಮೇಲೆ ಎಲ್ಲರ ಹೆಸರಿನಲ್ಲಿ ವಿಮಾ ಪಾಲಿಸಿಯ ಪ್ರತಿ. ಪಾಲಿಸಿ ಕೈಗೆ ಬರುವಷ್ಟರಲ್ಲಿ ಪರೀಕ್ಷೆಯ ವೇಳಾಪಟ್ಟಿ ಪ್ರಕಟವಾಗಿತ್ತು. ಸಮಿತಿಯವರು ಬಹಳ ಗೌರವದಿಂದಲೇ, "ಸರ್, ಈ ವರ್ಷಕ್ಕೆ ಪ್ರೊಜೆಕ್ಟರಿನಲ್ಲಿ ತೋರಿಸಿಬಿಡಿ" ಎಂದರು. ತೋರಿಸಿದೆ.

ಆ ತರಗತಿಯಲ್ಲಿ ಐಮಂಗಲದ ಕಡೆಯ ಒಬ್ಬ ಹುಡುಗಿ ಇದ್ದಳು. ಶೇಂಗಾ, ಈರುಳ್ಳಿ ಬೆಳೆಯುವ ಮನೆ. ಚಿತ್ರ ನೋಡಿ ಎದ್ದು ನಿಂತು, "ಸರ್, ಈ ಕಲ್ಲು ನಮ್ಮ ಊರಿನಿಂದ ದೂರವಿಲ್ಲ, ನಮ್ಮ ಅಪ್ಪನಿಗೆ ಗೊತ್ತು" ಎಂದಳು. ಭಾನುವಾರ ಅಪ್ಪನ ಮೊಪೆಡ್ ಹಿಂದೆ ಕುಳಿತು ಹೋಗಿ ಮೊಬೈಲಿನಲ್ಲಿ ಚಿತ್ರಗಳನ್ನು ತೆಗೆದುಕೊಂಡು ಬಂದಳು. ಅಳತೆ ತಿಳಿಯಲು ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟಿದ್ದಳು. ನಾನು ಒಮ್ಮೆ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು. ದಿಂಬಿನ ಹೊಟ್ಟೆ ಇಳಿದ ಸಂದಿಯನ್ನು ತಾನಾಗಿಯೇ ಗುರುತಿಸಿ, ಪದರ ಯಾವ ಕಡೆಗೆ ಮೇಲಾಗಿದೆ ಎಂದು ಬಾಣದ ಗುರುತು ಹಾಕಿದ್ದಳು. ಸರಿಯಾಗಿಯೇ ಇತ್ತು. ಆ ವರ್ಷ ಇಡೀ ತರಗತಿಯಲ್ಲಿ ಆ ಬಂಡೆಯನ್ನು ಕಂಡವಳು ಅವಳೊಬ್ಬಳೇ. ಅವಳು ಹೋದದ್ದು ಕನ್ನಡಕವಿಲ್ಲದೆ, ಬೂಟಿಲ್ಲದೆ, ಜೊತೆಗೆ ಅಧ್ಯಾಪಕರಿಲ್ಲದೆ. ಸಮಿತಿ ಕಾಪಾಡಿದ್ದು ಯಾರನ್ನು? ಆ ಹುಡುಗಿಯನ್ನಂತೂ ಅಲ್ಲ. ತನ್ನ ಕಡತವನ್ನು ಕಾಪಾಡಿಕೊಂಡಿತು. ಮುಚ್ಚಳಿಕೆ ಬರೆಸಿಕೊಂಡ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ಸಂಸ್ಥೆಯಿಂದ ಕಳಚುವುದಿಲ್ಲ ಎಂಬುದು ಕಾನೂನು ಬಲ್ಲವರಿಗೆಲ್ಲ ಗೊತ್ತು. ಹಾಗಿದ್ದರೆ ಆ ಬಡವರನ್ನು ಪೇಟೆಗೆ ಅಲೆಸಿದ್ದೇಕೆ? ಈ ಪ್ರಶ್ನೆಗೆ ನನಗೆ ಇಂದಿಗೂ ಯಾರೂ ಉತ್ತರ ಕೊಟ್ಟಿಲ್ಲ.

ವಿಮೆಯ ಮಾತಿಗೆ ಬರೋಣ. 20 ರೂಪಾಯಿಯ ಯೋಜನೆಗೆ ಬ್ಯಾಂಕ್ ಖಾತೆ ಸಾಕು, ವಿಶ್ವವಿದ್ಯಾಲಯದ ಕಚೇರಿ ಬೇಕಿಲ್ಲ. ಅದು ಹಣ ಕೊಡುವುದು ಸಾವಿಗೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ. ಬಂಡೆಯಿಂದ ಜಾರಿ ಮಣಿಕಟ್ಟು ಮುರಿದರೆ ಆಸ್ಪತ್ರೆಯ ಬಿಲ್ಲಿಗೆ ಅದು ಬರುವುದಿಲ್ಲ. ಸಾಮಾನ್ಯ ಗುಂಪು ಅಪಘಾತ ವಿಮೆಯಲ್ಲೂ ಚಿಕಿತ್ಸೆಯ ವೆಚ್ಚವನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು, ಸಾಹಸ ಚಟುವಟಿಕೆಗಳನ್ನು ಹೊರಗಿಟ್ಟಿರುತ್ತಾರೆ. ಬಂಡೆ ಹತ್ತುವುದು ಪಾಠವೋ ಸಾಹಸವೋ ಎಂದು ಕಂಪನಿಯವರು ವಾದಕ್ಕೆ ಕೂತರೆ ಮಗುವಿನ ಕೈ ಕೂಡುವವರೆಗೂ ಆ ವಾದ ಮುಗಿಯುವುದಿಲ್ಲ. ಬಿಪಿಎಲ್ ಕಾರ್ಡಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನಮ್ಮ ಬಹುಪಾಲು ಮಕ್ಕಳು ಅಂಥ ಮನೆಗಳವರೇ. ಪ್ರವೇಶದ ದಿನ ಆ ಕಾರ್ಡ್ ಮಾಡಿಸಿದ್ದಾರೆಯೇ ಎಂದು ಗುಮಾಸ್ತರೊಬ್ಬರು ವಿಚಾರಿಸಿ, ಇಲ್ಲದವರಿಗೆ ದಾರಿ ತೋರಿಸಿದರೆ ಅರ್ಧ ಕೆಲಸ ಮುಗಿಯಿತು.

ಬಿಯಾಸ್ ದುರಂತವನ್ನು ಮುಂದಿಟ್ಟು ನಮ್ಮ ಬಾಯಿ ಕಟ್ಟಿಸುತ್ತಾರೆ. ಆ ತಂದೆತಾಯಂದಿರ ಸಂಕಟದ ಮುಂದೆ ನಾನು ಏನನ್ನೂ ಹೇಳಲಾರೆ. ಆದರೆ ಅದು ಪ್ರವಾಸ, ನನ್ನದು ಪಾಠ. ಅಪರಿಚಿತ ನದಿಗೆ ಇಳಿಯುವುದೂ, ವರ್ಷವರ್ಷವೂ ತುಳಿದ ಬಂಡೆಗೆ ಅಧ್ಯಾಪಕನೇ ಮುಂದೆ ನಿಂತು ಕರೆದೊಯ್ಯುವುದೂ ಒಂದೇ ಅಲ್ಲ. ಪ್ರಯೋಗಾಲಯದ ಸ್ಫೋಟದ ವಿಷಯವನ್ನು ರಸಾಯನಶಾಸ್ತ್ರದವರು ಮಾತನಾಡಲಿ, ನಾನು ನನ್ನ ಬಂಡೆಗಳ ಬಗ್ಗೆ ಹೇಳುತ್ತಿದ್ದೇನೆ.

ಒಬ್ಬ ಅಧಿಕಾರಿ, ಒಬ್ಬ ಸಹಾಯಕ ಎಂದು ಎದುರಿನವರು ಕೇಳುತ್ತಿದ್ದಾರೆ. ಆ ಇಬ್ಬರ ಸಂಬಳದ ಹಣ ಇದ್ದರೆ ಪ್ರತಿ ವಿಜ್ಞಾನ ವಿಭಾಗದ ಇಬ್ಬರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸಬಹುದು, ಪ್ರತಿ ವಿದ್ಯಾರ್ಥಿಗೂ ಕನ್ನಡಕ ಮತ್ತು ಬೂಟು ಕೊಡಬಹುದು, ಹಾಸ್ಟೆಲಿನ ಹಳೆಯ ವೈರಿಂಗ್ ಬದಲಿಸಬಹುದು. ಹೊರಸಂಚಾರಕ್ಕೆ ವಿಭಾಗದ ಮುಖ್ಯಸ್ಥರ ಸಹಿಯೊಂದೇ ಸಾಕೆಂದು ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸಲಿ. ಬಿಸಿಲು ಏರುವ ಮೊದಲು, ಡಿಸೆಂಬರಿನಲ್ಲೇ ಮರಡಿಹಳ್ಳಿಗೆ ಬಸ್ ಹೊರಡಲಿ. ಯಾವ ಕಾಲೇಜು ಕರೆದರೂ ಬಂಡೆ ತೋರಿಸಲು ನಾನು ಬರುತ್ತೇನೆ.