ದಿ ಸ್ಟ್ರಾಂಗೆಸ್ಟ್ ಸೋತ ರಾತ್ರಿ

ಒಂದು ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಫುಟ್‌ಬಾಲ್ ಸ್ಕೋರ್ ನೋಡ್ತಾ ಮಲಗಿದ್ದೆ. ಎಲ್ಲಿಂದ ಎಲ್ಲಿಗೋ ಹೋಗಿ ಬೊಲಿವಿಯಾ ಲೀಗಿನ ಪಟ್ಟಿ ತೆರೆದುಕೊಂಡಿತು. ಒಂದು ತಂಡದ ಹೆಸರು ದಿ ಸ್ಟ್ರಾಂಗೆಸ್ಟ್. ಇನ್ನೊಂದು ಆಲ್ವೇಸ್ ರೆಡಿ. ಅದರ ಕೆಳಗೆ ಬ್ಲೂಮಿಂಗ್. ಅಂದರೆ ಎಲ್ಲರಿಗಿಂತ ಗಟ್ಟಿಗ, ಸದಾ ಸಿದ್ಧ, ಮತ್ತು ಈಗಷ್ಟೇ ಅರಳುತ್ತಿರುವವನು. ಅವತ್ತು ಗಟ್ಟಿಗನೇ ಸೋತಿದ್ದ. ಕತ್ತಲಲ್ಲಿ ಒಬ್ಬನೇ ಕಿಸಕ್ಕನೆ ನಕ್ಕೆ.

ಅಂಥ ಹೆಸರುಗಳನ್ನು ಹುಡುಕುವ ಚಟ ಅಂಟಿದ್ದು ಅವತ್ತಿನಿಂದ. ಆದರೆ ಹುಡುಕುತ್ತಾ ಹೋದಂತೆ ನಗು ಕಡಿಮೆ ಆಯ್ತು. ‘ಜಗತ್ತಿನ ವಿಚಿತ್ರ ಹೆಸರಿನ ತಂಡಗಳು’ ಅಂತ ಆಗಾಗ ಪಟ್ಟಿಗಳು ಬರುತ್ತವಲ್ಲ, ಈಗ ಅವನ್ನು ನೋಡಿದರೆ ಸಿಟ್ಟೇ ಬರುತ್ತೆ. ಹೆಸರು ಹೇಳಿ, ನಗಿಸಿ, ಮುಂದಕ್ಕೆ ಹೋಗಿಬಿಡುತ್ತಾರೆ. ಆ ಹೆಸರು ಯಾಕೆ ಬಂತು ಅಂತ ಒಂದು ನಿಮಿಷ ನಿಂತು ಕೇಳುವವರಿಲ್ಲ.

ಸ್ಟ್ರಾಂಗೆಸ್ಟನ್ನೇ ತಗೊಳ್ಳಿ. 1908ರಲ್ಲಿ ಲಾ ಪಾಸ್‌ನಲ್ಲಿ ಹುಟ್ಟಿದ ತಂಡ. ಹುಡುಗರು ಜಂಬಕ್ಕೆ ಇಟ್ಟುಕೊಂಡ ಹೆಸರು ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. 1932ರಲ್ಲಿ ಪರಾಗ್ವೆ ಜೊತೆ ಚಾಕೋ ಯುದ್ಧ ಶುರುವಾಯಿತು. ಕ್ಲಬ್ಬಿನ ಆಟಗಾರರು, ಸದಸ್ಯರು ರಣರಂಗಕ್ಕೆ ಹೋದರು. 1934ರ ಮೇ ತಿಂಗಳಲ್ಲಿ ಅವರೆಲ್ಲ ಇದ್ದ ಒಂದು ಜಾಗದಲ್ಲಿ ದೊಡ್ಡ ಕಾಳಗ ನಡೆದು ಬೊಲಿವಿಯಾ ಗೆದ್ದಿತು. ಇತಿಹಾಸದಲ್ಲಿ ಆ ಕಾಳಗಕ್ಕೆ ಇವತ್ತಿಗೂ ‘ಕನ್ಯಾದಾ ಸ್ಟ್ರಾಂಗೆಸ್ಟ್’ ಅಂತಲೇ ಹೆಸರು. ಫುಟ್‌ಬಾಲ್ ಕ್ಲಬ್ಬಿನ ಹೆಸರು ಹೊತ್ತ ಯುದ್ಧಭೂಮಿ! ಯುದ್ಧದ ಹೆಸರನ್ನು ತಂಡಕ್ಕೆ ಇಟ್ಟಿದ್ದು ಕೇಳಿದ್ದೆ, ತಂಡದ ಹೆಸರು ಯುದ್ಧಕ್ಕೆ ಬಂದಿದ್ದನ್ನು ಬೇರೆಲ್ಲೂ ಕೇಳಿಲ್ಲ.

ಕಥೆ ಅಲ್ಲಿಗೂ ಮುಗಿಯಲ್ಲ. 1969ರ ಸೆಪ್ಟೆಂಬರ್ 26ರಂದು ಸಾಂತಾ ಕ್ರೂಸ್‌ನಿಂದ ಊರಿಗೆ ವಾಪಸಾಗುತ್ತಿದ್ದ ತಂಡದ ವಿಮಾನ ವಿಲೋಕೋ ಹತ್ತಿರ ಬೆಟ್ಟಕ್ಕೆ ಬಡಿಯಿತು. ವಿಮಾನದಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ತಂಡದ ಬಹುಪಾಲು ಒಂದೇ ದಿನ ಹೋಯಿತು. ಮತ್ತೆ ಆಟಗಾರರನ್ನು ಕೂಡಿಸಿದರು, ಅದೇ ಹಳದಿ ಕಪ್ಪು ಅಂಗಿ ತೊಡಿಸಿದರು, ಅದೇ ಹೆಸರಲ್ಲಿ ಮೈದಾನಕ್ಕೆ ಇಳಿಸಿದರು. ಈಗ ಹೇಳಿ, ‘ಎಲ್ಲರಿಗಿಂತ ಗಟ್ಟಿಗ’ ಅಂದರೆ ನಗು ಬರುತ್ತಾ?

ಆಲ್ವೇಸ್ ರೆಡಿ ವಿಷಯಕ್ಕೆ ಮಾತ್ರ ನಗಬಹುದು ಬಿಡಿ. ಅವರು ಆಡುವುದು ಎಲ್ ಆಲ್ಟೋ ಎಂಬಲ್ಲಿ, ಸಮುದ್ರಮಟ್ಟದಿಂದ 4000 ಮೀಟರಿಗೂ ಮೇಲೆ. ಬಂದ ಎದುರಾಳಿ ಅರ್ಧ ಗಂಟೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡ್ತಾ ನಿಂತಿರುತ್ತಾನೆ. ಸದಾ ಸಿದ್ಧವಾಗಿರೋದು ಅವರಿಗೇನು ಕಷ್ಟ!

ಹೆಸರಿನ ಮಜಾ ಎಷ್ಟೋ ಸಲ ಕೇಳುವವರ ಕಿವಿಯಲ್ಲಿದೆ. ಇಂಡೋನೇಷ್ಯಾದ ಸೆಮೆನ್ ಪಡಾಂಗ್ ಅಂದರೆ ಇಂಗ್ಲಿಷ್ ಬಲ್ಲವರು ಮುಸಿಮುಸಿ ನಗುತ್ತಾರೆ. ಅವರ ಭಾಷೆಯಲ್ಲಿ ಸೆಮೆನ್ ಅಂದರೆ ಸಿಮೆಂಟು. ಪಡಾಂಗ್ ಊರಿನ ಸಿಮೆಂಟು ಕಂಪನಿಯ ತಂಡ, ಅಷ್ಟೇ. ಇದರಲ್ಲಿ ಅವರ ತಪ್ಪೇನಿದೆ? ಯಾವನೋ ದೂರದೂರಿನವನು ಮುಂದೊಂದು ದಿನ ನಗಬಹುದು ಅಂತ ಹೆದರಿ ಯಾರಾದರೂ ಹೆಸರಿಡುತ್ತಾರಾ?

ಘಾನಾದ ಕುಮಾಸಿ ನಗರದ ಅಸಾಂತೆ ಕೊಟೊಕೊ ನನಗೆ ಭಾರಿ ಇಷ್ಟ. ಕೊಟೊಕೊ ಅಂದರೆ ಮುಳ್ಳುಹಂದಿ. ಹುಲಿ, ಸಿಂಹ ಎಲ್ಲ ಬಿಟ್ಟು ಮುಳ್ಳುಹಂದಿ ಯಾಕೆ ಅಂತೀರಾ? ಅದು ಅಸಾಂತೆ ಜನರ ಹಳೆಯ ಲಾಂಛನ. ‘ಸಾವಿರ ಕೊಂದರೆ ಸಾವಿರ ಬರುತ್ತಾರೆ’ ಅನ್ನೋದು ಅದರ ಜೊತೆಗೇ ಬರುವ ಮಾತು. ಒಂದು ಮುಳ್ಳು ಉದುರಿದರೆ ಇನ್ನೊಂದು ಎದ್ದು ನಿಲ್ಲುತ್ತೆ. ಒಂಥರಾ ರಕ್ತಬೀಜಾಸುರನ ಲೆಕ್ಕ. ಇಂಥ ತಂಡದ ಎದುರು ಆಡುವಾಗ ಒಂದು ಗೋಲು ಹೊಡೆದರೂ ನೆಮ್ಮದಿ ಇರಲಿಕ್ಕಿಲ್ಲ.

ಸುರಿನಾಮ್‌ನ ರಾಬಿನ್‌ಹುಡ್ ಪಾಡು ಬೇರೆ. ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ವಲಯದ ಚಾಂಪಿಯನ್ಸ್ ಕಪ್ಪಿನಲ್ಲಿ 1972ರಿಂದ 1983ರೊಳಗೆ ಐದು ಸಲ ಕೊನೆಯ ಹಂತಕ್ಕೆ ಹೋಗಿ ಐದೂ ಸಲ ಬರಿಗೈಲಿ ಬಂದರು. ದೋಚುವುದಕ್ಕೆ ಹೆಸರಾದವನಿಗೆ ಒಂದು ಕಪ್ಪೂ ಸಿಗಲಿಲ್ಲ. ಇನ್ನು ಸ್ವಿಟ್ಜರ್ಲೆಂಡಿನ ಯಂಗ್ ಬಾಯ್ಸ್. ಬಾಸೆಲ್‌ನಲ್ಲಿ ಓಲ್ಡ್ ಬಾಯ್ಸ್ ಅಂತ ತಂಡ ಇದ್ದದ್ದಕ್ಕೆ ಬರ್ನ್‌ನ ವಿದ್ಯಾರ್ಥಿಗಳು 1898ರಲ್ಲಿ ಇಟ್ಟುಕೊಂಡ ಹೆಸರು. ಆ ಹುಡುಗರು ನೂರು ದಾಟಿ ಎಷ್ಟೋ ವರ್ಷ ಆಯ್ತು. ಇನ್ನೂ ಯಂಗ್ ಬಾಯ್ಸೇ!

ಮಕ್ಕಳಾಟಿಕೆ ಅನ್ನಿ, ಜಂಬ ಅನ್ನಿ, ಇವುಗಳಲ್ಲಿ ಹೆಚ್ಚಿನವು ಆಡುವವರೇ ತಮಗೆ ಇಟ್ಟುಕೊಂಡ ಹೆಸರುಗಳು. ನನಗೆ ನಿಜಕ್ಕೂ ವಿಚಿತ್ರ ಅನಿಸೋದು ದುಡ್ಡು ಕೊಟ್ಟವರು ಅಂಟಿಸಿದ ಹೆಸರು. ವೇಲ್ಸ್‌ನಲ್ಲಿ ಲಾನ್‌ಸಾಂಟ್‌ಫ್ರೈಡ್ ಅನ್ನೋ ಹಳ್ಳಿಯ ತಂಡಕ್ಕೆ 1990ರ ದಶಕದಲ್ಲಿ ಒಂದು ಕಂಪ್ಯೂಟರ್ ಕಂಪನಿ ಪ್ರಾಯೋಜಕರಾಗಿ ಬಂತು. ಹಳ್ಳಿ ಹೆಸರು ಹೋಯಿತು. ತಂಡದ ಹೆಸರೇ ಟೋಟಲ್ ನೆಟ್‌ವರ್ಕ್ ಸೊಲ್ಯೂಷನ್ಸ್ ಆಯಿತು. ಗೆದ್ದಾಗಲೆಲ್ಲ ‘ಇವತ್ತು ಟೋಟಲ್ ನೆಟ್‌ವರ್ಕ್ ಸೊಲ್ಯೂಷನ್ಸಿನ ಬೀದಿಗಳಲ್ಲಿ ಕುಣಿತವೋ ಕುಣಿತ’ ಅಂತ ಬ್ರಿಟನ್ನಿನ ಟೀವಿಯಲ್ಲಿ ತಮಾಷೆ ಮಾಡುತ್ತಿದ್ದರು. ಆಮೇಲೆ ಆ ಕಂಪನಿಯನ್ನೇ ಇನ್ನೊಂದು ಕಂಪನಿ ಕೊಂಡಿತು. 2006ರಲ್ಲಿ ತಂಡ ಹೊಸ ಹೆಸರು ಹುಡುಕಬೇಕಾಯಿತು. ಟಿ, ಎನ್, ಎಸ್ ಅಕ್ಷರ ಬಿಡಲು ಮನಸ್ಸಿಲ್ಲದೆ ದಿ ನ್ಯೂ ಸೇಂಟ್ಸ್ ಅಂತ ಇಟ್ಟುಕೊಂಡರು. ಬಾಡಿಗೆ ಹೆಸರಿನ ಮೊದಲಕ್ಷರಗಳಿಗೂ ಮನುಷ್ಯರಿಗೆ ಅಷ್ಟು ಮೋಹ ಬೆಳೆಯುತ್ತೆ ನೋಡಿ. ನಾನು ನಗಲು ಹೋಗಿ ಸುಮ್ಮನಾದೆ.

ಅಕ್ಷರ ಅಂದಕೂಡಲೇ ಜಪಾನ್ ನೆನಪಾಗುತ್ತೆ. ತಂಡದ ಹೆಸರಿಗೆ ಎರಡು ಭಾಷೆ ಕಸಿ ಮಾಡೋದರಲ್ಲಿ ಅವರು ಎತ್ತಿದ ಕೈ. ಹಿರೋಷಿಮಾದ ಸ್ಯಾನ್‌ಫ್ರೆಚೆಯಲ್ಲಿ ಸ್ಯಾನ್ ಅಂದರೆ ಜಪಾನಿ ಭಾಷೆಯ ಮೂರು, ಫ್ರೆಚೆ ಅಂದರೆ ಇಟಾಲಿಯನ್ ಭಾಷೆಯ ಬಾಣಗಳು. ಒಂಟಿ ಬಾಣ ಮುರಿಯುತ್ತೆ, ಮೂರು ಸೇರಿದರೆ ಮುರಿಯಲ್ಲ ಅಂತ ಮೋರಿ ಮೊತೊನಾರಿ ಎಂಬ ದೊರೆ ಮಕ್ಕಳಿಗೆ ಹೇಳಿದ ಕಥೆ ಅದರ ಹಿಂದಿದೆ. ನಮ್ಮ ಕಟ್ಟಿಗೆ ಹೊರೆಯ ಕಥೆಯೇ, ಕಟ್ಟಿಗೆ ಬದಲು ಬಾಣ.

ಆದರೆ ನಾನು ಹೇಳಹೊರಟಿದ್ದು ಯೊಕೊಹಾಮಾ ಎಫ್ ಮರಿನೋಸ್ ಬಗ್ಗೆ. ಮಧ್ಯದ ಆ ಎಫ್ ಏನು ಅಂತ ತುಂಬ ದಿನ ನನಗೆ ಗೊತ್ತಿರಲಿಲ್ಲ. ಫುಟ್‌ಬಾಲ್ ಅಂದುಕೊಂಡಿದ್ದೆ. ಅದೇ ಊರಿನಲ್ಲಿ ಫ್ಲೂಗೆಲ್ಸ್ ಅಂತ ಇನ್ನೊಂದು ತಂಡ ಇತ್ತು. ವಿಮಾನಯಾನ ಕಂಪನಿಯೊಂದು ಸಾಕುತ್ತಿದ್ದ ತಂಡ, ಹೆಸರಿನ ಅರ್ಥ ರೆಕ್ಕೆ. ದುಡ್ಡಿನ ತಾಪತ್ರಯ ಬಂದು 1998ರ ಅಕ್ಟೋಬರಿನಲ್ಲಿ ಅದನ್ನು ಮರಿನೋಸ್ ಜೊತೆ ವಿಲೀನ ಮಾಡುತ್ತೇವೆ ಅಂತ ಘೋಷಿಸಿದರು. ಆ ಸುದ್ದಿಯ ಮೇಲೆ ಫ್ಲೂಗೆಲ್ಸ್ ಒಂದು ಆಟವನ್ನೂ ಸೋಲಲಿಲ್ಲ. ಗೆಲ್ಲುತ್ತಾ ಗೆಲ್ಲುತ್ತಾ ಚಕ್ರವರ್ತಿ ಕಪ್ಪಿನ ಫೈನಲ್‌ಗೆ ಬಂದರು. 1999ರ ಜನವರಿ 1ರಂದು ಶಿಮಿಜು ತಂಡವನ್ನು 2–1ರಲ್ಲಿ ಸೋಲಿಸಿ ಕಪ್ ಎತ್ತಿದರು. ಆಮೇಲೆ ಆ ತಂಡವೇ ಇರಲಿಲ್ಲ.

ಉಳಿದದ್ದು ಒಂದು ಎಫ್. ಅಭಿಮಾನಿಗಳಲ್ಲಿ ಎಷ್ಟೋ ಜನಕ್ಕೆ ಆ ಒಂದಕ್ಷರದ ಸಮಾಧಾನ ಬೇಕಿರಲಿಲ್ಲ. ತಾವೇ ಸೇರಿ ಹೊಸ ಕ್ಲಬ್ ಕಟ್ಟಿದರು. ಹೆಸರು ಬರೀ ಯೊಕೊಹಾಮಾ ಎಫ್‌ಸಿ. ರೆಕ್ಕೆ ಇಲ್ಲ, ಬಾಣ ಇಲ್ಲ, ಯಾವ ಪಟ್ಟಿಗೂ ಸೇರದ ಸಪ್ಪೆ ಹೆಸರು.