ಉತ್ತರ ಗೊತ್ತಾಯ್ತು, ಆದರೆ ಯಾಕೆ?

ಮೊನ್ನೆ ವಿಡಿಯೊ ಕಾಲ್‌ನಲ್ಲಿ ಅಕ್ಕನ ಮಗ ಕೇಳಿದ: “ಒಂದು ಪದಕ್ಕೆ ಇಷ್ಟು ಹೊತ್ತಾ ಮಾಮ? ಗೂಗಲ್ ಮಾಡಿದ್ರೆ ಮುಗೀತಲ್ವಾ?” ನನ್ನ ಮುಂದೆ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯ ಕ್ರಿಪ್ಟಿಕ್ ಕ್ರಾಸ್‌ವರ್ಡ್, ಅಂದರೆ ಗೂಢ ಸುಳಿವುಗಳ ಪದಬಂಧ, ಅರ್ಧ ಖಾಲಿ ಬಿದ್ದಿತ್ತು. ನಕ್ಕು ಮಾತು ಬದಲಿಸಿದೆ. ಆದರೂ ಒಳಗೆ ಚುರುಕ್ ಅಂದಿತು. ಹುಡುಗನ ಮೇಲೆ ಸಿಟ್ಟಲ್ಲ. ಅವನು ಆಡಿದ್ದು ನಮ್ಮ ಮನೆಯ ಮಾತನ್ನೇ. ಉತ್ತರ ಸಿಕ್ಕಿತಾ, ಸರಿ, ಮುಂದಿನದು ನೋಡು.

ನಾವು ಪದಬಂಧ ಬಿಡಿಸುತ್ತಿದ್ದದ್ದೂ ಹಾಗೇ. ಭಾನುವಾರದ ಪುರವಣಿ ಯಾರ ಕೈಗೆ ಮೊದಲು ಸಿಕ್ಕಿತೋ ಅವರದೇ ರಾಜ್ಯಭಾರ. “ಸೂರ್ಯ, ಎರಡಕ್ಷರ, ಕೊನೆಗೆ ವಿ” ಎಂದು ಅಪ್ಪ ಕೂಗಿದರೆ ಒಳಗಿನಿಂದಲೇ “ರವಿ” ಅಂತ ಉತ್ತರ. ಅಕ್ಷರ ಮನೆಯಲ್ಲಿ ಕೂತಿತೆಂದರೆ ವಿಚಾರಣೆ ಮುಗಿಯಿತು. ಕೊನೆಗೆ ಎಷ್ಟು ಮನೆ ಉಳಿಯಿತು ಅನ್ನೋದೊಂದೇ ಲೆಕ್ಕ. ಅ.ನಾ. ಪ್ರಹ್ಲಾದರಾವ್ ಅಂಥವರು ಕನ್ನಡದಲ್ಲಿ ಸಾವಿರಾರು ಪದಬಂಧ ರಚಿಸಿದ್ದಾರೆ. ಆದರೆ ಪದಬಂಧ ಮಾಡಿದವರು ಯಾರು ಅಂತ ನಮ್ಮ ಮನೆಯಲ್ಲಿ ಒಬ್ಬರಾದರೂ ಕೇಳಿದ್ದು ನನಗೆ ನೆನಪಿಲ್ಲ. ಅದು ತಾನಾಗೇ ಬೆಳೆಯುತ್ತದೆ ಅಂದುಕೊಂಡಿದ್ದೆವೋ ಏನೋ.

ಇಂಗ್ಲೆಂಡಿಗೆ ಬಂದ ಮೇಲೆ ಆಫೀಸಿನ ಹಿರಿಯರೊಬ್ಬರ ಪಕ್ಕ ಊಟದ ಬಿಡುವಿನಲ್ಲಿ ಕೂತು ಈ ಆಟ ಕಲಿತೆ. ಅವರ ಕೈಯಲ್ಲಿ ಪೆನ್ನೂ ಇರುತ್ತಿತ್ತು, ಪೆನ್ಸಿಲ್ಲೂ ಇರುತ್ತಿತ್ತು. ಉತ್ತರ ಹೊಳೆದರೆ ಮೊದಲು ಪೆನ್ಸಿಲ್‌ನಲ್ಲಿ ತೆಳ್ಳಗೆ ಬರೆಯುವುದು. ಸುಳಿವಿನ ಒಂದೊಂದು ಮಾತೂ ಯಾಕೆ ಅಲ್ಲಿದೆ ಎಂದು ಬಿಡಿಸಿದ ಮೇಲೆಯೇ ಪೆನ್ನು. ನಾನು ಉತ್ಸಾಹದಿಂದ ಸರಿಯಾದ ಪದವನ್ನೇ ಹೇಳಿದರೂ ಅವರು ಪೆನ್ಸಿಲ್ ಕೆಳಗಿಡುತ್ತಿರಲಿಲ್ಲ. “ಇರಬಹುದು. ಯಾಕೆ?” ಎಂದು ಕೇಳುತ್ತಿದ್ದರು. ಇನ್ನೊಂದು ಅಭ್ಯಾಸ ಇತ್ತು. ಇಷ್ಟವಾದ ಸುಳಿವಿನ ಪಕ್ಕ ಒಂದು ಸಣ್ಣ ರೈಟ್ ಮಾರ್ಕ್. ತುಂಬಾ ಇಷ್ಟವಾದರೆ ಎರಡು. ಅದನ್ನು ಯಾರಿಗೂ ಕಳಿಸಬೇಕಿಲ್ಲ, ಯಾರೂ ನೋಡುವುದೂ ಇಲ್ಲ. ಸುಮ್ನೆ ಅವರ ಖುಷಿಗೆ.

ಈ ಆಟ ಹೇಗಿರುತ್ತದೆ ಅಂತ ತೋರಿಸಲು ಕನ್ನಡದಲ್ಲೇ ಒಂದು ಕಟ್ಟಿ ನೋಡಿದ್ದೇನೆ: “ತೆರಿಗೆಯ ಕೆಳಗೆ ಸಿಕ್ಕ ಜೇನುಗಳ್ಳ (3)”. ಮೂರು ಅಂದರೆ ಉತ್ತರದ ಅಕ್ಷರಗಳ ಲೆಕ್ಕ. ಓದಿದ ಕೂಡಲೇ ಯಾರೋ ತೆರಿಗೆ ಕಟ್ಟದ ಜೇನು ವ್ಯಾಪಾರಿ ಕಣ್ಮುಂದೆ ಬರುತ್ತಾನೆ. ಮೋಸ ಇರುವುದೇ ಅಲ್ಲಿ. ವಾಕ್ಯ ಹೇಳುವ ಕಥೆಯನ್ನು ನಂಬಬಾರದು, ಪದಗಳನ್ನು ನಂಬಬೇಕು. ತೆರಿಗೆ ಅಂದರೆ ಕರ. ಕೆಳಗೆ ಅಂದರೆ ಅಡಿ. ಎರಡೂ ಸೇರಿದರೆ ಕರಡಿ. ಜೇನು ಕದಿಯುವುದು ಅದೇ ತಾನೇ? ಸುಳಿವಿನ ಒಂದು ತುದಿಯಲ್ಲಿ ನೇರವಾದ ಅರ್ಥ ಇರಲೇಬೇಕು, ಉಳಿದ ಭಾಗ ಅದೇ ಪದವನ್ನು ಬೇರೆ ದಾರಿಯಿಂದ ಕಟ್ಟಿಕೊಡಬೇಕು. ದಾರಿ ತಪ್ಪಿಸಬಹುದು, ಆದರೆ ಸುಳ್ಳು ಹೇಳುವ ಹಾಗಿಲ್ಲ. ಹೀಗಿರುವಾಗ ‘ಕರಡಿ’ ಅಂತ ಗೂಗಲ್ ಹೇಳಿದರೆ ನನಗೆ ಸಿಕ್ಕಿದ್ದೇನು? ಒಂದು ಪ್ರಾಣಿ, ಅಷ್ಟೇ.

ಇಲ್ಲಿ ಸುಳಿವು ಕಟ್ಟುವವರಿಗೆ ಸೆಟ್ಟರ್ ಅನ್ನುತ್ತಾರೆ. ಅವರಿಗೊಂದು ಗುಪ್ತನಾಮ. ಅಬ್ಸರ್ವರ್ ಪತ್ರಿಕೆಯಲ್ಲಿ 1926ರಿಂದ ಬರೆದವರು ಟಾರ್ಕ್ವೆಮಾಡ. ಅದು ಸ್ಪೇನಿನ ಧರ್ಮವಿಚಾರಣೆಯಲ್ಲಿ ಜನರನ್ನು ಹಿಂಸಿಸಿದ ಅಧಿಕಾರಿಯ ಹೆಸರು! ಅವರ ಜಾಗಕ್ಕೆ 1939ರಲ್ಲಿ ಬಂದ ಕ್ಸಿಮೆನೀಸ್ ಇಟ್ಟುಕೊಂಡದ್ದೂ ಅಂಥದ್ದೇ ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರನ್ನು. ತಲೆ ತಿನ್ನುವವನೆಂದು ತಾನೇ ಬೋರ್ಡು ಹಾಕಿಕೊಂಡವನನ್ನು ಜನ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ.

ಗಾರ್ಡಿಯನ್‌ನಲ್ಲಿ ದಶಕಗಟ್ಟಲೆ ಬರೆದ ಅರಕೇರಿಯ ಅಂತೂ ಪಾದ್ರಿ. ನಿಜವಾದ ಹೆಸರು ಜಾನ್ ಗ್ರಹಾಂ. 2013ರ ಜನವರಿಯಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ತಮಗೆ ಅನ್ನನಾಳದ ಕ್ಯಾನ್ಸರ್ ಇದೆ ಎಂಬುದನ್ನು ಅವರು ಓದುಗರಿಗೆ ತಿಳಿಸಿದ್ದು ಪತ್ರ ಬರೆದಲ್ಲ, ಕ್ರಾಸ್‌ವರ್ಡ್ ಮೂಲಕ. ಮೇಲ್ಗಡೆ ಒಂದು ಸಾಲು, ಅದರಲ್ಲಿ ರೋಗದ ಹೆಸರಿನ ಜಾಗದಲ್ಲಿ ಬರೀ ಸುಳಿವಿನ ಸಂಖ್ಯೆಗಳು. ಬಿಡಿಸುತ್ತ ಹೋದವರಿಗೆ ಒಂದೊಂದೇ ಮನೆ ತುಂಬಿದಂತೆ ಸುದ್ದಿ ಗೊತ್ತಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ತೀರಿಕೊಂಡರು. ಆ ದಿನ ಅವಸರದವನೊಬ್ಬ ಮೇಲಿನ ಸಾಲನ್ನು ನೋಡದೆ ಬರೀ ಉತ್ತರ ತುಂಬಿಸಿ ಮಡಚಿಟ್ಟಿದ್ದರೆ ಆ ಮುದುಕ ಏನು ಹೇಳಿದನೆಂದು ಅವನಿಗೆ ತಿಳಿಯುತ್ತಲೇ ಇರಲಿಲ್ಲ.

ನಮ್ಮಲ್ಲಿ ಈ ತಾಳ್ಮೆ ಎಲ್ಲಿ ಹೋಯಿತು? ಪರೀಕ್ಷೆ ಮುಗಿದ ಸಂಜೆಯೇ ಕೀ ಆನ್ಸರ್ ಬೇಕು. ಲೆಕ್ಕದಲ್ಲಿ ಸ್ಟೆಪ್ಸ್‌ಗೆ ಅಂಕ ಕೊಡುತ್ತಾರೆಂದೇ ಸ್ಟೆಪ್ಸ್ ಬರೆದವರು ನಾವು. ಯಾರಾದರೂ ಒಗಟು ಹೇಳಿದರೆ ಹತ್ತೆಣಿಸುವುದರೊಳಗೆ “ಸೋತೆ, ನೀನೇ ಹೇಳು”. ಹೇಳಿದ ಮೇಲೆ “ಓ, ಅಷ್ಟೇನಾ!” ಈ “ಅಷ್ಟೇನಾ” ಕೇಳಿದರೆ ನನಗೆ ಮೈ ಉರಿಯುತ್ತದೆ. ಕಟ್ಟಿದವನ ಇಡೀ ಶ್ರಮವನ್ನು ಮೂರಕ್ಷರದಲ್ಲಿ ಒರೆಸಿ ಹಾಕುವುದು ಅಂದರೆ ಅದೇ.

ಹಾಗಂತ ಈ ಇಂಗ್ಲಿಷರೇನು ಹುಟ್ಟಾ ರಸಿಕರಲ್ಲ, ಅದನ್ನೂ ಹೇಳಬೇಕು. ಅಮೆರಿಕನ್ನರ ಪದಬಂಧದ ಹುಚ್ಚನ್ನು 1924ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಜರೆದಿತ್ತು. 1930ರ ಫೆಬ್ರವರಿಯಲ್ಲಿ ಸದ್ದಿಲ್ಲದೆ ತಾನೇ ಶುರು ಮಾಡಿತು. ಇಲ್ಲೂ ಗಡಿಯಾರ ಹಿಡಿದು ಬಿಡಿಸುವವರು ಬೇಕಾದಷ್ಟಿದ್ದಾರೆ. 1942ರಲ್ಲಿ ಡೈಲಿ ಟೆಲಿಗ್ರಾಫ್ ಹನ್ನೆರಡು ನಿಮಿಷದ ಸ್ಪರ್ಧೆ ಇಟ್ಟಿತ್ತು. ಆಮೇಲೆ ಅದರಲ್ಲಿ ಕೆಲವರನ್ನು ಯುದ್ಧಕಾಲದ ಗುಪ್ತಲಿಪಿ ಒಡೆಯುವ ಕೆಲಸಕ್ಕೆ ಬ್ಲೆಚ್ಲಿ ಪಾರ್ಕಿಗೆ ಸೇರಿಸಿಕೊಂಡರು. ಹೊಸಬರಿಗೆ ಈ ಆಟ ಬಾಗಿಲು ಹಾಕಿದ ಮನೆ ಅನ್ನೋದೂ ನಿಜ. ಸುಳಿವಿನಲ್ಲಿ ನಾವಿಕ ಅಂದರೆ ‘ಎಬಿ’ (ಏಬಲ್ ಸೀಮನ್), ಕಲಾವಿದ ಅಂದರೆ ‘ಆರ್‌ಎ’ (ರಾಯಲ್ ಅಕಾಡೆಮಿ ಸದಸ್ಯ) ಅಂತ ಯಾರಾದರೂ ಹೇಳಿಕೊಡದೆ ತಿಳಿಯುವುದಿಲ್ಲ. ‘ಡಕ್’ ಅಂದರೆ ಸೊನ್ನೆ, ಅಂದರೆ ‘ಒ’ ಅಕ್ಷರ, ಎಂಬುದೊಂದು ಕ್ರಿಕೆಟ್ ಪುಣ್ಯದಿಂದ ನನಗೆ ಗೊತ್ತಿತ್ತು.

ಇಂಗ್ಲಿಷಿನಲ್ಲಿ ಅಕ್ಷರ ಕಲಸಿ ಹೊಸ ಪದ ಮಾಡುವುದು ಸುಲಭ. ಕನ್ನಡದಲ್ಲಿ ಕಾಗುಣಿತ, ಒತ್ತು ಎಲ್ಲ ಅಂಟಿಕೊಂಡೇ ಬರುತ್ತವೆ. ಲಕ್ಷ್ಮಿ ನಮ್ಮ ಪದಬಂಧದಲ್ಲಿ ಎರಡೇ ಮನೆಯಲ್ಲಿ ಕೂರುತ್ತಾಳೆ, ಇಂಗ್ಲಿಷಿನಲ್ಲಿ ಏಳು ಬೇಕು. ಆದರೆ ಕರ, ಅಡಿ ಸೇರುವಾಗ ನಡುವೆ ಒಂದು ‘ಅ’ ಬಿದ್ದುಹೋಗುತ್ತದಲ್ಲ, ಆ ಸಂಧಿಯ ಸೌಕರ್ಯ ಇವರಿಗಿಲ್ಲ.

ಇನ್ನೊಂದು ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಅಷ್ಟಾವಧಾನ ನೋಡಿದ್ದೀರಲ್ವಾ? ಅದರ ಸಮಸ್ಯಾಪೂರಣದಲ್ಲಿ ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು, ಅರ್ಥವೇ ಇಲ್ಲದಂಥ, ಕೇಳಿದರೆ ಛೇ ಅನ್ನಿಸುವಂಥ ಒಂದು ಸಾಲು ಕೊಡುತ್ತಾರೆ. ಉತ್ತರಿಸುವ ಕವಿ, ಅಂದರೆ ಅವಧಾನಿ, ಮೂರು ಸಾಲು ಸೇರಿಸಿ ಅದಕ್ಕೆ ನೇರವಾದ ಅರ್ಥ ಬರಿಸುತ್ತಾರೆ. ಉತ್ತರದ ಸಾಲು ಮೊದಲೇ ಎಲ್ಲರಿಗೂ ಗೊತ್ತು. ಆದರೂ ಸಭೆ ಉಸಿರು ಬಿಗಿಹಿಡಿದು ಕೂರುತ್ತದೆ, ಪದ್ಯ ಮುಗಿದಾಗ “ಭಲೇ” ಅನ್ನುತ್ತದೆ. ಕನಕದಾಸರ ಮುಂಡಿಗೆಗಳನ್ನು, ಆ ಒಗಟಿನಂಥ ಹಾಡುಗಳನ್ನು, ಉಳಿಸಿಕೊಂಡು ಬಂದ ಜನವೂ ನಾವೇ. ಹಾಗಾದರೆ ರುಚಿ ಇಲ್ಲದೇ ಇಲ್ಲ. ಸಭೆಯಲ್ಲಿ ಬರುವ ಆ ಮೆಚ್ಚುಗೆ ಭಾನುವಾರದ ಪುರವಣಿ ಹಿಡಿದಾಗ ಮಾತ್ರ ಯಾಕೋ ಬರುವುದಿಲ್ಲ.

ನಮ್ಮ ಪತ್ರಿಕೆಗಳು ಒಂದು ಕೆಲಸ ಮಾಡಬಹುದು. ದಿನಕ್ಕೆ ಒಂದೇ ಒಂದು ಗೂಢ ಸುಳಿವು ಕೊಡಲಿ. ಮರುದಿನ ಉತ್ತರದ ಜೊತೆ ಅದು ಹೇಗೆ ಬಂತೆಂದು ಒಂದು ಸಾಲು, ಕಟ್ಟಿದವರ ಹೆಸರು ದಪ್ಪಕ್ಷರದಲ್ಲಿ. ಶುರುವಿಗೆ ನನ್ನದೇ ಇಟ್ಟುಕೊಳ್ಳಲಿ: “ಎಡದಿಂದ ಬಂದರೂ ಬಲದಿಂದ ಬಂದರೂ ಒಂದೇ ಊರು (3)”.